ಒಂಟಿ ಸುರುಳಿಯ ಗುಂಯ್‌ಕಾರ

ಹೋದ ವರ್ಷದ ಯುಗಾದಿಗೆ ನನ್ನ ಮಗಳು ತನ್ನ ಮಗನಿಗೆ ಒಂದು ವಿದ್ಯುತ್ ಗಿಟಾರನ್ನು ಕೊಡಿಸಿದಳು. ನಾಗಸಂದ್ರದ ನಮ್ಮ ಮನೆಯ ಮಹಡಿಯ ಕೋಣೆ ಅಂದಿನಿಂದ ಅವನ ಸಂಗೀತಶಾಲೆಯಾಗಿದೆ. ವಾದ್ಯವನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ ಮೊದಲ ಸಂಜೆ, ಹುಡುಗ ತಂತಿಯನ್ನು ಮೀಟುವುದಕ್ಕೆ ಮೊದಲೇ, ಗುಂಯ್ ಎಂಬ ಸದ್ದು ಕೋಣೆಯನ್ನೆಲ್ಲ ತುಂಬಿತು. "ತಾತ, ಇದು ಮೆಟ್ರೋದಿಂದ ಬರ್ತಿದೆ" ಎಂದು ಅವನು ಒಡನೆಯೇ ತೀರ್ಪು ಕೊಟ್ಟುಬಿಟ್ಟ. 2015ರ ಮೇ ತಿಂಗಳಲ್ಲಿ ಹಸಿರು ಮಾರ್ಗದ ರೈಲು ನಾಗಸಂದ್ರಕ್ಕೆ ಬಂತು, 2024ರ ನವೆಂಬರಿನಲ್ಲಿ ಮಾದಾವರದವರೆಗೂ ಮುಂದುವರಿಯಿತು. ಅಂದಿನಿಂದ ನಮ್ಮ ಬಡಾವಣೆಯ ಸಕಲ ತೊಂದರೆಗಳಿಗೂ ಅದನ್ನೇ ಹೊಣೆ ಮಾಡುವುದು ವಾಡಿಕೆಯಾಗಿದೆ. ಆ ರೈಲಿನ ಮೂರನೆಯ ಹಳಿಯಲ್ಲಿ ಹರಿಯುವುದು 750 ವೋಲ್ಟಿನ ನೇರ ವಿದ್ಯುತ್ತು, ಈ ಬಗೆಯ ಗುಂಯ್‌ಕಾರಕ್ಕೆ ಅದು ಅಷ್ಟು ಸುಲಭವಾಗಿ ಕಾರಣವಾಗದು ಎಂದು ನಾನು ಹೇಳಿದರೂ ಅವನು ಒಪ್ಪಲಿಲ್ಲ. ಕೊನೆಗೆ ರಾತ್ರಿ ಕಡೆಯ ರೈಲು ಹೋಗುವವರೆಗೂ ಕಾದು ಪರೀಕ್ಷಿಸಿದೆವು. ಸದ್ದು ಎಳ್ಳಷ್ಟೂ ತಗ್ಗಲಿಲ್ಲ.

ಆದರೆ ಆ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಹುಡುಗ ಗಾಲಿಕುರ್ಚಿಯಲ್ಲಿ ಕುಳಿತು ಆಟಕ್ಕೆಂದು ಗಿಟಾರಿನ ಸಮೇತ ಗಿರ್ರನೆ ತಿರುಗಿದ. ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಪೂರ್ವಕ್ಕೆ ಮುಖ ಮಾಡಿದರೆ ಬಹುಪಾಲು ಮೌನ. ಉತ್ತರಕ್ಕೆ ತಿರುಗಿದರೆ ಜೇನುಗೂಡಿಗೆ ಕಲ್ಲು ಬಿದ್ದಂತೆ. ಹುಡುಕುತ್ತ ಹೋದಾಗ ಮೂಲ ಸಿಕ್ಕಿದ್ದು ನಮ್ಮ ಮನೆಯ ಮೆಟ್ಟಿಲಿನ ಕೆಳಗೇ: ಕರೆಂಟು ಹೋದಾಗ ಬೇಕೆಂದು ಇರಿಸಿಕೊಂಡ ಇನ್ವರ್ಟರಿನೊಳಗಿನ ಟ್ರಾನ್ಸ್‌ಫಾರ್ಮರು. ಮೊಮ್ಮಗನಿಗೆ ಕಳ್ಳನನ್ನು ಹಿಡಿದ ಸಂತೋಷ. ನನಗೆ ಮಾತ್ರ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅದೇ ಸದ್ದನ್ನು ನಾನು ನಲವತ್ತು ವರ್ಷಗಳ ಹಿಂದೆ ಕೇಳಿದ್ದೆ. ಕೇಳಿ, ತಿಳಿಯದೆ, ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ್ದೆ.

ಪ್ರಿಯ ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರಾದರೂ ಆ ಸಭೆಯಲ್ಲಿದ್ದಿರಿ. 1983ರ ಶಾಲಾ ವಾರ್ಷಿಕೋತ್ಸವ. ನಾನಾಗ ತುಮಕೂರು ರಸ್ತೆಯ ಮಗ್ಗುಲಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಎಪ್ಪತ್ತರ ದಶಕದಲ್ಲಿ ತಲೆಯೆತ್ತಿದ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ನಮ್ಮ ಮಕ್ಕಳ ಪೈಕಿ ಬಹಳ ಮಂದಿಯ ತಂದೆಯರು ದುಡಿಯುತ್ತಿದ್ದರು. 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ತೆರೆಕಂಡು, ಇಳಯರಾಜ ಅವರ ಸಂಗೀತ ಗಣೇಶನ ಪೆಂಡಾಲುಗಳಲ್ಲೆಲ್ಲ ಮೊಳಗಿದ ಮೇಲೆ ಹುಡುಗರಿಗೆ ಗಿಟಾರಿನ ಹುಚ್ಚು ಹಿಡಿದಿತ್ತು. ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ ವಾದ್ಯವನ್ನು ಕೊಳ್ಳಲಾಗದೆ ತಾನೇ ಮಾಡಿಕೊಂಡ. ಹೆಸರು ಬೇಡ. ಹಲಸಿನ ಹಲಗೆಯನ್ನು ಬಡಗಿಯಿಂದ ಕೊರೆಸಿದ. ಒಡೆದ ಸ್ಪೀಕರಿನಿಂದ ಅಯಸ್ಕಾಂತವನ್ನು ಕಿತ್ತ. ತಂದೆ ಮೋಟಾರ್ ವೈಂಡಿಂಗ್ ಕೆಲಸದವರಾದ್ದರಿಂದ ತಲೆಗೂದಲಿನಷ್ಟು ತೆಳುವಾದ ಎನಾಮಲ್ ತಂತಿ ಸಿಕ್ಕಿತು. ಅದನ್ನು ಕೈಡ್ರಿಲ್ಲಿಗೆ ಸಿಕ್ಕಿಸಿ ಆರು ಸಾವಿರ ಸುತ್ತು ಸುತ್ತಿದೆನೆಂದೂ, ನಡುವೆ ಎರಡು ಬಾರಿ ತುಂಡಾಯಿತೆಂದೂ ನನ್ನ ಬಳಿ ಹೆಮ್ಮೆಯಿಂದ ಹೇಳಿದ್ದ.

ಸಂಜೆ ವೇದಿಕೆಯ ಮೇಲೆ ಅವನ ವಾದ್ಯದಿಂದ ಹೊರಟ ಗುಂಯ್‌ಕಾರ ಪ್ರಾರ್ಥನೆಯನ್ನೇ ನುಂಗಿತು. ಮೈಕ್ ಸೆಟ್ಟಿನವನು ಓಡಿ ಬಂದು, ಹುಡುಗನ ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿ ಅರ್ತ್ ತಂತಿಯನ್ನು ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದ. "ತೆಗಿಯಪ್ಪ" ಎಂದು ಅಪ್ಪಣೆ ಕೊಟ್ಟವನು ನಾನು. ಸದ್ದು ಸ್ವಲ್ಪ ತಗ್ಗಿತು, ನಮಗೆ ಗೆದ್ದ ಭಾವ. ಹುಡುಗ ತಂತಿಯ ಮೇಲೆ ಕೈಯಿಟ್ಟು ಹಾಡಲೆಂದು ಬಗ್ಗಿದ. ತುಟಿ ಮೈಕಿಗೆ ತಾಗಿತು. ಚೀರಿ ಹಿಂದಕ್ಕೆ ಬಿದ್ದ. ಗಿಟಾರಿನ ಕುತ್ತಿಗೆ ಮುರಿಯಿತು. ದೇವರ ದಯೆಯಿಂದ ತುಟಿ ಸುಟ್ಟದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆಗ ನಾನೇನು ಮಾಡಿದೆ? ಮುಖ್ಯ ಅತಿಥಿಗಳ ಎದುರಿನಲ್ಲೇ, "ಕಳಪೆ ಸಾಮಾನು ಕಟ್ಟಿಕೊಂಡು ಬಂದು ಎಲ್ಲರ ಪ್ರಾಣ ತೆಗೀತೀಯೇನೋ" ಎಂದು ಗದರಿದೆ. ಅದೇ ವಾರ ಅದೇ ತರಗತಿಗೆ ನಾನು ಫ್ಯಾರಡೆಯ ಪಾಠ ಮಾಡಿದ್ದೆ. ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ಬರೆದವನನ್ನು ಸಂಜೆ ವೇದಿಕೆಯ ಮೇಲೆ ನಾನು ಗುರುತಿಸಲಿಲ್ಲ.

ಆದುದರಿಂದ ಈ ಲೇಖನವನ್ನು ಆ ಪಾಠದ ಮುಂದುವರಿಕೆಯೆಂದು ತಿಳಿಯಿರಿ. ಮೊಮ್ಮಗನ ದೆಸೆಯಿಂದ ಕಳೆದ ಕೆಲವು ತಿಂಗಳು ನಾನು ಓದಿ, ಮಾಡಿ ನೋಡಿ ತಿಳಿದುಕೊಂಡದ್ದು ಇದರಲ್ಲಿದೆ.

1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ತತ್ತ್ವ ನಿಮಗೆಲ್ಲ ನೆನಪಿರಬೇಕು: ಸುರುಳಿಯೊಂದರ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಗ್ಯಾಲ್ವನೋಮೀಟರಿನ ಮುಳ್ಳು ಆಡುವುದನ್ನು ನೋಡಲು ನೀವು ಒಬ್ಬರ ಭುಜದ ಮೇಲೊಬ್ಬರು ಬೀಳುತ್ತಿದ್ದಿರಿ. ಈ ತತ್ತ್ವ ಗಿಟಾರಿನ ಮೈಯೊಳಕ್ಕೆ ಇಳಿಯಲು ಸರಿಯಾಗಿ ನೂರು ವರ್ಷ ಹಿಡಿಯಿತು. ಅಮೆರಿಕದ ನೃತ್ಯಮಂದಿರಗಳಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರಿನ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಜಾರ್ಜ್ ಬೋಶಾಂಪ್ ಎಂಬ ವಾದಕ 1931ರಲ್ಲಿ, ತಂತಿಗಳನ್ನು ಬಳಸಿ ನಿಂತ ಕುದುರೆಲಾಳದಾಕಾರದ ಅಯಸ್ಕಾಂತಗಳನ್ನೂ ಅವುಗಳ ನಡುವೆ ಒಂದು ಸುರುಳಿಯನ್ನೂ ಇರಿಸಿದ. ಉಕ್ಕಿನ ತಂತಿ ಕಂಪಿಸಿದಂತೆ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅದೇ ಆವೃತ್ತಿಯ ವಿದ್ಯುತ್ತು ಹುಟ್ಟುತ್ತದೆ. ಅಡಾಲ್ಫ್ ರಿಕನ್‌ಬಾಕರ್ ಜೊತೆಗೂಡಿ 1932ರಲ್ಲಿ ಮಾರಾಟಕ್ಕೆ ಬಂದ ಆ ವಾದ್ಯ ಅಲ್ಯೂಮಿನಿಯಂ ಎರಕದ್ದು. ನೋಡಲು ಉದ್ದ ಹಿಡಿಯ ಬಾಣಲೆಯಂತೆ. ಆದ್ದರಿಂದಲೇ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಎಂಬ ಅಡ್ಡಹೆಸರು. ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರು ಅದು. ಪೇಟೆಂಟು ಕೈಗೆ ಬಂದದ್ದು 1937ರಲ್ಲಿ; ಅಷ್ಟರೊಳಗೆ ಎಷ್ಟೋ ಮಂದಿ ಇದೇ ತತ್ತ್ವದ ಪಿಕಪ್ಪುಗಳನ್ನು ಮಾಡತೊಡಗಿದ್ದರು.

ಇಲ್ಲಿಯೇ ತೊಡಕೂ ಇತ್ತು. ಸುರುಳಿಗೆ ತಾರತಮ್ಯವಿಲ್ಲ. ತಂತಿ ಅಲುಗಿಸಿದ ಕ್ಷೇತ್ರ ಯಾವುದು, ಗೋಡೆಯೊಳಗಿನ ವೈರು ಅಲುಗಿಸಿದ ಕ್ಷೇತ್ರ ಯಾವುದು ಎಂದು ಅದು ಬೇರ್ಪಡಿಸಿ ನೋಡದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂದ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ದೀಪದ ಜೊತೆಗೆ, ಕಿವಿಗೆ ಕೇಳದ ಒಂದು ಕಂಪನವೂ ಮನೆಮನೆಯ ಗಾಳಿಯಲ್ಲಿ ಬಂದು ನೆಲೆಸಿತು. ಇಂದು ನಮ್ಮ ದೇಶದಲ್ಲಿ ಅದರ ಆವೃತ್ತಿ ಸೆಕೆಂಡಿಗೆ 50.

ನಮ್ಮ ಮನೆಯಲ್ಲಿ ಸಂಗೀತ ಬಲ್ಲವಳು ನನ್ನ ಹೆಂಡತಿ. ಗಿಟಾರಿನ ಗುಂಯ್‌ಕಾರವನ್ನು ಕೇಳಿದ ಅವಳು ಹಾರ್ಮೋನಿಯಂ ತೆಗೆದು ಶ್ರುತಿ ಹಿಡಿದು ನೋಡಿ, "ಇದು ಐದು ಮನೆಗಿಂತ ಕೊಂಚ ಮೇಲಿದೆ" ಎಂದಳು. ಲೆಕ್ಕ ಹಾಕಿ ನೋಡಿದೆ. ಐದನೆಯ ಬಿಳಿ ಮನೆಯ ಸ್ವರ ಕೆಳಗಿನ ಸ್ಥಾಯಿಯಲ್ಲಿ 49 ಹರ್ಟ್ಸ್, ಅದರ ಮೇಲಿನ ಸ್ಥಾಯಿಯಲ್ಲಿ 98. ನಮ್ಮ ವಿದ್ಯುತ್ತಿನದು 50, ಅದರ ಇಮ್ಮಡಿ 100. ಅಮೆರಿಕದಲ್ಲಿ 60 ಹರ್ಟ್ಸ್ ಆದುದರಿಂದ ಅಲ್ಲಿನ ಗುಂಯ್‌ಕಾರದ ಶ್ರುತಿ ಆರೂವರೆಗೂ ಏಳಕ್ಕೂ ನಡುವೆ ಬೀಳುತ್ತದೆ. ಐದು ಮನೆಯ ಶ್ರುತಿಯಲ್ಲಿ ಹಾಡುವವರ ಪಕ್ಕದಲ್ಲಿ ನಮ್ಮೂರಿನ ಕರೆಂಟು ಸದಾ ಅರೆಶ್ರುತಿಯ ತಂಬೂರಿ ಮೀಟುತ್ತಿರುತ್ತದೆ ಎಂದಾಯಿತು. ಹಿಂದೆ ವಿದ್ಯುತ್ ಅಭಾವದ ದಿನಗಳಲ್ಲಿ ಆವೃತ್ತಿ 49ಕ್ಕೂ ಕೆಳಗೆ ಇಳಿಯುತ್ತಿದ್ದುದುಂಟು. ಆಗ ಶ್ರುತಿ ಕೂಡುತ್ತಿತ್ತೋ ಏನೋ!

ಈ ತೊಂದರೆಯನ್ನು ಮೊದಲು ಎದುರಿಸಿದವರು ಸಂಗೀತಗಾರರಲ್ಲ, ದೂರವಾಣಿಯ ಎಂಜಿನಿಯರುಗಳು. ಆರಂಭದ ದೂರವಾಣಿಗೆ ಒಂದೇ ತಂತಿ. ಮರಳುವ ದಾರಿ ಭೂಮಿಯೇ. ಬೀದಿಗಳಲ್ಲಿ ವಿದ್ಯುದ್ದೀಪ, ಟ್ರಾಮುಗಳು ಬಂದವೋ ಇಲ್ಲವೋ ಮಾತು ಕೇಳಿಸದಷ್ಟು ಗದ್ದಲವಾಯಿತು. ಪರಿಹಾರವೆಂದರೆ ಎರಡು ತಂತಿಗಳನ್ನು ಹಾಕಿ, ಒಂದಕ್ಕೊಂದು ಹೆಣೆಯುವುದು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದ. ಹೊರಗಿನ ಗದ್ದಲ ಎರಡೂ ತಂತಿಗಳ ಮೇಲೆ ಸಮನಾಗಿ ಬೀಳುತ್ತದೆ. ಮಾತು ಮಾತ್ರ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತದೆ. ಕೊನೆಯಲ್ಲಿ ಎರಡರ ವ್ಯತ್ಯಾಸವನ್ನು ತೆಗೆದುಕೊಂಡರೆ ಗದ್ದಲ ಕಳೆದುಹೋಗಿ ಮಾತು ಉಳಿಯುತ್ತದೆ. ಹಿಂದೆ ಹೆದ್ದಾರಿಯ ಬದಿಯ ದೂರವಾಣಿ ಕಂಬಗಳ ಮೇಲೆ ಅಲ್ಲಲ್ಲಿ ಎರಡು ತಂತಿಗಳು ಜಾಗ ಅದಲುಬದಲು ಮಾಡಿಕೊಳ್ಳುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಕಂಡವರು ನಿಮ್ಮಲ್ಲಿರಬಹುದು. ಅದರ ಉದ್ದೇಶವೂ ಇದೇ.

ಇದೇ ಉಪಾಯ ಸುರುಳಿಗೆ ಬಂದದ್ದು 1934ರಲ್ಲಿ. ಅಮೆರಿಕದ ಎಲೆಕ್ಟ್ರೋ-ವಾಯ್ಸ್ ಎಂಬ ಧ್ವನಿವರ್ಧಕ ಕಂಪನಿ ಮೈಕಿನೊಳಗೆ ಗದ್ದಲವನ್ನು ಕಳೆಯಲೆಂದೇ ಎರಡನೆಯ ಸುರುಳಿಯನ್ನು ಸೇರಿಸಿತು. ಬಾಲ್ಡ್‌ವಿನ್ ಪಿಯಾನೋ ಕಂಪನಿಯ ನಾಬ್ಲಾ ಎಂಬಾತ ಒಂದರ ಮೇಲೊಂದು ಸುರುಳಿಯಿಟ್ಟ ಪಿಕಪ್ಪಿಗೆ 1938ರಲ್ಲಿ ಪೇಟೆಂಟು ಪಡೆದ; ಅವನ ಲಕ್ಷ್ಯವಿದ್ದದ್ದು ಪಿಯಾನೋದ ಮೇಲೆ. ಗಿಟಾರಿನ ಲೋಕ ಮಾತ್ರ ಇನ್ನೂ ಇಪ್ಪತ್ತು ವರ್ಷ ಗುಂಯ್‌ಗುಡುತ್ತಲೇ ಇತ್ತು. ಗಿಬ್ಸನ್ ಕಂಪನಿಯಲ್ಲಿ ರೇಡಿಯೊ ವಿದ್ಯೆ ಬಲ್ಲ ಸೇತ್ ಲವರ್ ಎಂಬ ಎಂಜಿನಿಯರಿದ್ದ. ಆಂಪ್ಲಿಫೈಯರಿನೊಳಗೆ ಗದ್ದಲ ಕಳೆಯುವ ಚೋಕುಗಳನ್ನು ಬಳಸಿ ಅವನಿಗೆ ಅಭ್ಯಾಸ. ಚೋಕಿಗೆ ಸಾಧ್ಯವಾದದ್ದು ಪಿಕಪ್ಪಿಗೇಕೆ ಆಗಬಾರದು ಎಂಬ ಸರಳವಾದ ಪ್ರಶ್ನೆ ಅವನಿಗೆ ಹೊಳೆಯಿತು. 1955ರ ಜೂನ್‌ನಲ್ಲಿ ಅರ್ಜಿ ಹಾಕಿದ. 1957ರ ಹೊತ್ತಿಗೆ ಗಿಬ್ಸನ್ನಿನ ಲೆಸ್ ಪಾಲ್ ಗಿಟಾರುಗಳಿಗೆ ಈ ಪಿಕಪ್ಪು ಬಂತು. ಪೇಟೆಂಟು ಸಿಕ್ಕಿದ್ದು 1959ರ ಜುಲೈನಲ್ಲಿ. ನಡುವಿನ ಕಾಲದಲ್ಲಿ ಪಿಕಪ್ಪಿನ ಬೆನ್ನಿಗೆ 'ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ' ಎಂದು ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯಿರುವ ಪಿಕಪ್ಪಿಗೆ ಇಂದು ಸಂಗ್ರಾಹಕರು ಕೊಡುವ ಬೆಲೆಯನ್ನು ಕೇಳಿದರೆ ನನ್ನಂಥ ನಿವೃತ್ತನಿಗೆ ತಲೆ ತಿರುಗುತ್ತದೆ. ಅದೇ ವೇಳೆಗೆ ರೇ ಬಟ್ಸ್ ಎಂಬಾತ ಸ್ವತಂತ್ರವಾಗಿ ಇದೇ ಬಗೆಯ ಪಿಕಪ್ಪನ್ನು ಗ್ರೆಚ್ ಕಂಪನಿಗೆ ಮಾಡಿಕೊಟ್ಟ.

ಲವರನ ಜಾಣ್ಮೆ ಎಲ್ಲಿದೆಯೆಂದು ಸ್ವಲ್ಪ ನಿಂತು ನೋಡಬೇಕು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಹೊರಗಿನ ಗದ್ದಲ ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಕಳೆದು ಸೊನ್ನೆಯಾಗುತ್ತದೆ. ಆದರೆ ಅಷ್ಟನ್ನೇ ಮಾಡಿದರೆ ತಂತಿಯ ನಾದವೂ ಸೊನ್ನೆಯೇ. ಆದ್ದರಿಂದ ಒಂದು ಸುರುಳಿಗೆ ಅಯಸ್ಕಾಂತದ ಉತ್ತರ ಧ್ರುವವನ್ನೂ ಇನ್ನೊಂದಕ್ಕೆ ದಕ್ಷಿಣ ಧ್ರುವವನ್ನೂ ಕೊಟ್ಟ. ತಂತಿಯ ಪಾಲಿಗೆ ಈಗ ಎರಡು ವಿರೋಧಗಳು: ಸುತ್ತು ವಿರುದ್ಧ, ಧ್ರುವವೂ ವಿರುದ್ಧ. ಋಣವನ್ನು ಋಣದಿಂದ ಗುಣಿಸಿದರೆ ಧನ. ಗದ್ದಲಕ್ಕೆ ಅಯಸ್ಕಾಂತದ ಹಂಗಿಲ್ಲ. ಅದರ ಪಾಲಿಗೆ ಒಂದೇ ವಿರೋಧ. ನಾದ ಕೂಡುತ್ತದೆ, ಗದ್ದಲ ಕಳೆಯುತ್ತದೆ. ಎಂಟನೆಯ ತರಗತಿಯ ಬೀಜಗಣಿತದಿಂದ ಏನು ಪ್ರಯೋಜನ ಎಂದು ನನ್ನನ್ನು ಕೇಳುತ್ತಿದ್ದವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಹಾಗಿದ್ದ ಮೇಲೆ ಒಂಟಿ ಸುರುಳಿ 1957ರಲ್ಲೇ ಮೂಲೆ ಸೇರಬೇಕಿತ್ತಲ್ಲವೆ? ಸೇರಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿಯ ಅಂಗಡಿಯಿಟ್ಟಿದ್ದ ಲಿಯೊ ಫೆಂಡರ್ 1950ರಲ್ಲಿ ಒಂಟಿ ಸುರುಳಿಗಳ ಗಿಟಾರನ್ನು ಮಾರುಕಟ್ಟೆಗೆ ತಂದ. ಅದೇ ಮುಂದೆ ಟೆಲಿಕ್ಯಾಸ್ಟರ್ ಎನಿಸಿಕೊಂಡಿತು. 1954ರಲ್ಲಿ ಮೂರು ಒಂಟಿ ಸುರುಳಿಗಳ ಸ್ಟ್ರ್ಯಾಟೊಕ್ಯಾಸ್ಟರ್ ಬಂತು. ಜಿಮಿ ಹೆಂಡ್ರಿಕ್ಸ್ ಲೋಕಪ್ರಸಿದ್ಧಗೊಳಿಸಿದ್ದು ಇದನ್ನೇ, ನನ್ನ ಮೊಮ್ಮಗನ ಕೈಯಲ್ಲಿರುವುದೂ ಇದರ ಒಂದು ಅಗ್ಗದ ನಕಲನ್ನೇ. ಎರಡು ಸುರುಳಿ ತಂತಿಯನ್ನು ಎರಡು ಜಾಗಗಳಲ್ಲಿ ಆಲಿಸುತ್ತದೆ. ತಾರಸ್ವರಗಳ ಕಿರಿಯ ಅಲೆಗಳು ಆ ಎರಡು ಜಾಗಗಳ ನಡುವೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಜೊತೆಗೆ ಸುತ್ತು ಹೆಚ್ಚಾದಷ್ಟೂ ಮೇಲಿನ ಆವೃತ್ತಿಗಳಿಗೆ ಅಡ್ಡಿ ಹೆಚ್ಚು. ಪರಿಣಾಮ, ನಾದ ದಪ್ಪಗೆ, ಬೆಚ್ಚಗೆ, ಕೊಂಚ ಮಂಕಾಗಿ ಬರುತ್ತದೆ. ಒಂಟಿ ಸುರುಳಿಯದು ಗಂಟೆಯ ಅಂಚಿಗೆ ಉಗುರು ತಾಗಿಸಿದಂಥ ನಾದ. ಆ ಹೊಳಪು ಬೇಕೆಂದವರು ಗುಂಯ್‌ಕಾರವನ್ನು ಸಹಿಸಿಕೊಂಡರು. ಗದ್ದಲ ಹೋಗಬೇಕು, ಹೊಳಪು ಉಳಿಯಬೇಕು: ಈ ಎರಡರ ನಡುವಿನ ಜಗ್ಗಾಟ ಎಪ್ಪತ್ತು ವರ್ಷಗಳ ಮೇಲೂ ಮುಗಿದಿಲ್ಲ.

ಫೆಂಡರನೇ 1957ರಲ್ಲಿ ತನ್ನ ಬಾಸ್ ಗಿಟಾರಿನ ಪಿಕಪ್ಪನ್ನು ಎರಡಾಗಿ ಸೀಳಿ, ಎರಡು ತಂತಿಗಳಿಗೆ ಒಂದು ಸುರುಳಿ, ಉಳಿದೆರಡಕ್ಕೆ ವಿರುದ್ಧವಾದ ಇನ್ನೊಂದು ಎಂದು ಹಂಚಿದ. ಯಾವ ತಂತಿಯೂ ಎರಡು ಕಡೆ ಆಲಿಸಲ್ಪಡಲಿಲ್ಲ, ಗದ್ದಲವೂ ಹೋಯಿತು. ನನ್ನ ಮಟ್ಟಿಗೆ ಈ ಇತಿಹಾಸದಲ್ಲೆಲ್ಲ ಅತ್ಯಂತ ಸೊಗಸಾದ ಪರಿಹಾರ ಇದು. ಸ್ಟ್ರ್ಯಾಟೊಕ್ಯಾಸ್ಟರಿನಲ್ಲಿ ಮೊದಲು ಇದ್ದದ್ದು ಮೂರು ಸ್ಥಾನದ ಸ್ವಿಚ್ಚು. ವಾದಕರು ಅದನ್ನು ಉಪಾಯದಿಂದ ನಡುವೆ ನಿಲ್ಲಿಸಿ ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸುತ್ತಿದ್ದರು. 1977ರಲ್ಲಿ ಕಂಪನಿಯೇ ಐದು ಸ್ಥಾನದ ಸ್ವಿಚ್ಚನ್ನು ಕೊಟ್ಟಿತು. ಮುಂದೆ ನಡುವಿನ ಪಿಕಪ್ಪನ್ನು ಸುತ್ತು, ಧ್ರುವ ಎರಡರಲ್ಲೂ ವಿರುದ್ಧವಾಗಿ ಮಾಡುವ ರೂಢಿ ಬಂತು; ಎರಡನೆಯ, ನಾಲ್ಕನೆಯ ಸ್ಥಾನಗಳಲ್ಲಿ ಗುಂಯ್‌ಕಾರ ತಾನಾಗಿ ಅಡಗುವುದು ಇದರಿಂದಲೇ. ನಾಬ್ಲಾನ ಹಾಗೆ ಒಂದರ ಮೇಲೊಂದು ಸುರುಳಿ ಪೇರಿಸುವ ಮಾರ್ಗವನ್ನು ಆಸ್ಟ್ರೇಲಿಯದ ಕ್ರಿಸ್ ಕಿನ್‌ಮನ್ ಮೊದಲಾದವರು ಬಹಳ ನಯಗೊಳಿಸಿದರು. ಇನ್ನೊಂದು ದಾರಿ ಅಮೆರಿಕದ ಅಲೆಂಬಿಕ್ ಕಂಪನಿ ಬಳಸಿದ್ದು: ಅಯಸ್ಕಾಂತವೇ ಇಲ್ಲದ ಮೂಕ ಸುರುಳಿ. ಅದಕ್ಕೆ ತಂತಿ ಕೇಳಿಸದು, ಗದ್ದಲವಷ್ಟೇ ಕೇಳಿಸುತ್ತದೆ. ಅದನ್ನು ತಿರುಗುಮುರುಗಾಗಿ ಜೋಡಿಸಿದರೆ ತನಗೆ ಕೇಳಿದ್ದನ್ನು ಕಳೆದುಬಿಡುತ್ತದೆ.

ನಮ್ಮ ವಾದ್ಯಗಳ ವಿಷಯ ಹೇಳದಿದ್ದರೆ ಹೆಂಡತಿ ಕ್ಷಮಿಸಲಾರಳು. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರನ್ನು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಕಚೇರಿಯಲ್ಲಿ ಕೇಳಿದ ಭಾಗ್ಯ ನಮ್ಮಿಬ್ಬರದು. ಮಾಮೂಲಿ ಮ್ಯಾಂಡೊಲಿನ್ನಿನ ನಾದ ಮೀಟಿದ ಮರುಕ್ಷಣವೇ ಆರಿಹೋಗುತ್ತದೆ. ಅದರಲ್ಲಿ ದೀರ್ಘವಾದ ಗಮಕಕ್ಕೆ ಎಡೆಯಿಲ್ಲ. ಅವರು ವಿದ್ಯುತ್ ಮ್ಯಾಂಡೊಲಿನ್ನನ್ನು ಹಿಡಿದದ್ದರಿಂದಲೇ ಕರ್ನಾಟಕ ಸಂಗೀತದ ಎಳೆ ಅದರಲ್ಲಿ ನಿಂತಿತು. ವೀಣೆಗೆ ಅಯಸ್ಕಾಂತದ ಪಿಕಪ್ಪು ಅಷ್ಟು ಒಗ್ಗಲಿಲ್ಲ. ಸಾರಣಿ, ಪಂಚಮ ತಂತಿಗಳು ಉಕ್ಕಿನವು. ಮಂದ್ರದ ಎರಡು ಸಾಂಪ್ರದಾಯಿಕವಾಗಿ ಹಿತ್ತಾಳೆ ಅಥವಾ ಕಂಚಿನವು. ಹಿತ್ತಾಳೆ ಅಯಸ್ಕಾಂತಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ವೈಣಿಕರು ಹೆಚ್ಚಾಗಿ ಒಲಿದದ್ದು ಮರದ ಕಂಪನವನ್ನೇ ಹಿಡಿಯುವ ಕಾಂಟ್ಯಾಕ್ಟ್ ಮೈಕಿಗೆ.

ಇನ್ನು ನಮ್ಮ ಮಹಡಿಯ ಪ್ರಯೋಗಗಳು. ಅಂತರ್ಜಾಲದಲ್ಲಿ ಓದಿದ ಮೊಮ್ಮಗ ಎಸ್.ಪಿ. ರಸ್ತೆಯಿಂದ ಅಂಟುವ ತಾಮ್ರದ ಪಟ್ಟಿಯನ್ನು ತಂದ. ಗಿಟಾರಿನ ಹೊಟ್ಟೆಯೊಳಗೆಲ್ಲ ಅದನ್ನು ಹೊದಿಸಿ, ಅಂಚುಗಳನ್ನು ಬೆಸುಗೆ ಹಾಕಿ ಅರ್ತಿಗೆ ಸೇರಿಸಿದೆವು. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರುಗಳಿಂದ ಬರುತ್ತಿದ್ದ ಚುರುಚುರು ಸದ್ದು ಬಹುಪಾಲು ಅಡಗಿತು. ತಂತಿಯನ್ನು ಮುಟ್ಟಿದಾಗ ಸದ್ದು ತಗ್ಗುವುದು, ಬಿಟ್ಟಾಗ ಏರುವುದು, ಅದೂ ನಿಂತಿತು. ನಮ್ಮ ಮೈಯೇ ಆ ಚುರುಚುರುವನ್ನು ಹಿಡಿಯುವ ಏರಿಯಲ್ಲು ಎಂದು ಅವನಿಗೆ ಆಗ ತಿಳಿಯಿತು. ಆದರೆ ಇನ್ವರ್ಟರಿನ ಗುಂಯ್‌ಕಾರ ಕದಲಲಿಲ್ಲ. ಕದಲುವುದೂ ಇಲ್ಲ. ಚುರುಚುರು ವಿದ್ಯುತ್ ಕ್ಷೇತ್ರದ್ದು, ತಾಮ್ರದ ತೆಳು ಹಾಳೆ ಅದನ್ನು ತಡೆಯುತ್ತದೆ. ಗುಂಯ್‌ಕಾರ ಕಾಂತಕ್ಷೇತ್ರದ್ದು, 50 ಹರ್ಟ್ಸಿನ ಕ್ಷೇತ್ರ ಮೂರರಲ್ಲೊಂದು ಪಾಲಿಗೆ ಕುಗ್ಗಬೇಕಾದರೆ ಸುಮಾರು 9 ಮಿಲಿಮೀಟರ್ ದಪ್ಪದ ತಾಮ್ರ ಬೇಕು. ಅಷ್ಟು ತಾಮ್ರ ಹೊತ್ತ ಗಿಟಾರನ್ನು ಎತ್ತಲು ಜಟ್ಟಿಯನ್ನು ಕರೆಸಬೇಕಾದೀತು.

ಅರ್ತಿನ ಮಾತು ಬಂತು. ಆಂಪ್ಲಿಫೈಯರು, ಮೈಕ್ ಸೆಟ್ಟು ಎರಡೂ ಬೇರೆಬೇರೆ ಅರ್ತ್ ಹೊಂದಿದ್ದು, ನಡುವೆ ಒಂದು ಕೇಬಲ್ಲೂ ಇದ್ದರೆ, ಆ ಎಲ್ಲ ತಂತಿಗಳೇ ಸೇರಿ ಒಂದು ದೊಡ್ಡ ಸುತ್ತಾಗಿ ಗುಂಯ್‌ಗುಡುತ್ತವೆ. ಒಂದು ಅರ್ತ್ ಕಿತ್ತರೆ ಈ ಬಗೆಯ ಸದ್ದು ನಿಲ್ಲುವುದು ನಿಜ. 1983ರಲ್ಲಿ ಸದ್ದು 'ಸ್ವಲ್ಪ' ತಗ್ಗಿದ್ದರ ಗುಟ್ಟು ಅದು. ಪಿಕಪ್ಪಿನ ಸ್ವಂತ ಗುಂಯ್‌ಕಾರ ಹಾಗೆಯೇ ಉಳಿಯಿತು. ಆದರೆ ಅರ್ತ್ ಕಳೆದುಕೊಂಡ ಆಂಪ್ಲಿಫೈಯರಿನ ತಗಡಿಗೆ ಒಳಗಿನಿಂದ ಸೋರಿದ ವಿದ್ಯುತ್ತು ಇಳಿದುಹೋಗಲು ದಾರಿಯಿಲ್ಲ. ಆ ತಗಡಿಗೆ ಗಿಟಾರಿನ ತಂತಿಗಳು ಸೇರಿವೆ, ತಂತಿಯ ಮೇಲೆ ಹುಡುಗನ ಕೈಯಿದೆ, ಅವನ ತುಟಿ ತಾಗಿದ್ದು ಅರ್ತ್ ಇದ್ದ ಮೈಕಿಗೆ. ದಾರಿ ಅವನ ಎದೆಯ ಮೂಲಕ ಪೂರ್ಣವಾಯಿತು. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿ ಪಟ್ಟಣದಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಸರಿಯಾದ ಅರ್ತ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನಮ್ಮ ಹುಡುಗ ಬದುಕಿದ್ದು ಬರಿಯ ಅದೃಷ್ಟ. ಕಳಪೆಯಾಗಿದ್ದದ್ದು ಅವನ ಸುರುಳಿಯಲ್ಲ, ನನ್ನ ಅಪ್ಪಣೆ.

ಹಳೆಯ ವಿದ್ಯಾರ್ಥಿಯೊಬ್ಬಳಿಂದ ಅವನ ದೂರವಾಣಿ ಸಂಖ್ಯೆ ಸಿಕ್ಕಿತು. ಪೀಣ್ಯದ ಎರಡನೆಯ ಹಂತದಲ್ಲಿ ಟ್ರಾನ್ಸ್‌ಫಾರ್ಮರ್ ಸುರುಳಿಗಳನ್ನು ಸುತ್ತಿಕೊಡುವ ಒಂದು ಸಣ್ಣ ಷೆಡ್ಡು ಅವನದು. ಭಾನುವಾರ ಮನೆಗೆ ಬಂದ. ತಲೆಯೆಲ್ಲ ಬೆಳ್ಳಗಾಗಿದೆ, ಮಗಳ ಮದುವೆಯಾಗಿದೆ. ಕಾಫಿಯಾದ ಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ: ಅಂದು ಅರ್ತ್ ತೆಗೆಸಿದವನು ನಾನು, ತಪ್ಪು ನನ್ನದು, ಸಭೆಯಲ್ಲಿ ಬೈದದ್ದಕ್ಕೆ ಕ್ಷಮಿಸು. ಅವನು ಎದ್ದು ನಿಂತುಬಿಟ್ಟ. "ಬಿಡಿ ಸಾರ್, ಅದನ್ನೆಲ್ಲ ಎಂದೋ ಮರೆತೆ" ಎಂದ. ಸ್ವಲ್ಪ ಹೊತ್ತಿನ ಮೇಲೆ, ಬಟ್ಟಲಿನ ಕಡೆ ನೋಡುತ್ತ, "ಆಮೇಲೆ ಗಿಟಾರ್ ಮುಟ್ಟಲಿಲ್ಲ ಅಷ್ಟೆ" ಎಂದ.

ಮೊಮ್ಮಗ ಅವನನ್ನು ಮಹಡಿಗೆ ಎಳೆದುಕೊಂಡು ಹೋದ. ಗುಂಯ್‌ಕಾರ ಕೇಳಿ, ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ನೋಡಿ ಅವನು ಮೊದಲು ಮಾಡಿದ್ದು ಗಿಟಾರಿಗೆ ಸಂಬಂಧಿಸಿದ್ದಲ್ಲ. ಮೇನ್ ಆಫ್ ಮಾಡಿಸಿ, ಜೇಬಿನಿಂದ ಟೆಸ್ಟರ್ ತೆಗೆದು, ಗೋಡೆಯ ಸಾಕೆಟ್ಟನ್ನು ಬಿಚ್ಚಿದ. ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಮನೆ ಕಟ್ಟಿದಾಗಿನಿಂದ, ಅಷ್ಟೂ ವರ್ಷ, ವಿಜ್ಞಾನದ ಮೇಷ್ಟ್ರ ಮನೆಯ ಮಹಡಿಯಲ್ಲಿ ಅರ್ತ್ ಇರಲಿಲ್ಲ! ಅಂದು ಸಂಜೆಯೊಳಗೆ ಕೆಳಗಿನ ಮೀಟರ್ ಬೋರ್ಡಿನಿಂದ ಹಸಿರು ತಂತಿ ಎಳೆಸಿದ. ಅದು ಮುಗಿಯುವವರೆಗೂ ಆಂಪ್ಲಿಫೈಯರ್ ಹಾಕಲು ಹುಡುಗನಿಗೆ ಬಿಡಲಿಲ್ಲ.

ಮುಂದಿನ ವಾರ ಮೂಕ ಸುರುಳಿಯೊಂದನ್ನು ಸುತ್ತಿ ತಂದ. ಪಿಕಪ್ಪಿನಷ್ಟೇ ಅಗಲ, ಅದೇ 0.06 ಮಿಲಿಮೀಟರಿನ ತಂತಿ, ಎಂಟು ಸಾವಿರದಷ್ಟು ಸುತ್ತು. ಯಂತ್ರದ ಮೇಲೆ ಸುತ್ತಿದ್ದರಿಂದ ಒಮ್ಮೆಯೂ ತುಂಡಾಗಲಿಲ್ಲವಂತೆ. ಗಿಟಾರಿನ ಹೊಟ್ಟೆಯಲ್ಲಿ, ಅಯಸ್ಕಾಂತಗಳಿಂದ ದೂರ, ಪಿಕಪ್ಪುಗಳ ದಿಕ್ಕಿಗೇ ಮುಖ ಮಾಡಿ ಅದನ್ನು ಕೂರಿಸಿ, ತಿರುಗುಮುರುಗಾಗಿ ಬೆಸುಗೆ ಹಾಕಿ, ಬೇಡವೆಂದಾಗ ತಪ್ಪಿಸಲು ಒಂದು ಚಿಕ್ಕ ಸ್ವಿಚ್ಚನ್ನೂ ಇಟ್ಟ. ಸ್ವಿಚ್ಚು ಒತ್ತಿದ ಕೂಡಲೇ ಗುಂಯ್‌ಕಾರ ಹತ್ತರಲ್ಲೊಂದು ಪಾಲಿಗೂ ಇಳಿಯಿತು ಎಂದು ನನ್ನ ಕಿವಿಯ ಅಂದಾಜು. ಮೇಲಿನ ಸ್ವರಗಳ ಹೊಳಪು ಒಂದಿಷ್ಟು ಕುಂದಿದೆ ಎಂದು ಹೆಂಡತಿ ಹೇಳುತ್ತಾಳೆ, ಮೊಮ್ಮಗ ಇಲ್ಲವೆನ್ನುತ್ತಾನೆ. ಇಬ್ಬರದೂ ನಿಜವಿರಬಹುದು.

ಬೆಸುಗೆ ಆರುವವರೆಗೆ ಗಿಟಾರು ಅವನ ತೊಡೆಯ ಮೇಲೆಯೇ ಇತ್ತು. ಯಾರೂ ಏನೂ ಹೇಳಲಿಲ್ಲ. ಅವನೇ ಶ್ರುತಿ ಮಾಡಿ 'ಗೀತಾ'ದ ಒಂದು ಹಾಡನ್ನು ಹಿಡಿದ. ಎರಡನೆಯ ಸಾಲಿನಲ್ಲಿ ಬೆರಳು ತಡವರಿಸಿತು, ನಿಲ್ಲಿಸಿದ, ಮತ್ತೆ ಮೊದಲಿನಿಂದ ತೊಡಗಿದ. ಈಗ ಭಾನುವಾರಗಳಂದು ಹನ್ನೊಂದು ಗಂಟೆಗೆ ಬರುತ್ತಾನೆ. ಬಂದವನು ಮೊದಲು ಸಾಕೆಟ್ಟಿಗೆ ಟೆಸ್ಟರ್ ಹಿಡಿದು ನೋಡುತ್ತಾನೆ.